ಮೂರನೇ ಮೇಜಿನ ಬಿಲ್ಲೆ

ಶಾಲೆ ಬಿಟ್ಟು ಮಕ್ಕಳೆಲ್ಲ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಇಳಿದು ಮರೆಯಾದ ಮೇಲೂ ನೊಯೆಮಿ ಟೀಚರು ಮನೆಗೆ ಹೊರಡುತ್ತಿರಲಿಲ್ಲ. ಬಾಗಿಲು ಓರೆ ಮಾಡಿ, ಮೂರನೇ ಮೇಜಿಗೆ ಹೋಗಿ, ಕಿಟಕಿ ಪಕ್ಕದ ಕುರ್ಚಿಯ ಮುಂದಿದ್ದ ಮರದ ಬಿಲ್ಲೆಯನ್ನು ಹಸಿರಿನಿಂದ ಕೆಂಪಿಗೆ ತಿರುಗಿಸುತ್ತಿದ್ದರು. ಆಮೇಲೆ ಕರಿಹಲಗೆಯ ತನಕ ನಡೆದು, ಅಲ್ಲಿಂದ ದಾಪುಗಾಲು ಹಾಕಿ ವಾಪಸು ಬಂದು, ಬಗ್ಗಿ ಕೇಳುತ್ತಿದ್ದರು.

“ಏನಾಯ್ತು ಲುಸೆಲಿ? ಎಲ್ಲಿ ನೋಯ್ತಿದೆ ಪುಟ್ಟಿ?”

ಖಾಲಿ ಕುರ್ಚಿ ಏನು ಹೇಳೀತು. ಬಿಲ್ಲೆಯನ್ನು ಮತ್ತೆ ಹಸಿರಿಗೆ ತಿರುಗಿಸಿ ಬೀಗ ಹಾಕಿಕೊಂಡು ಹೊರಡುತ್ತಿದ್ದರು. ಒಂದೆರಡು ಸಲ ತಿರುಗಿಸುವುದನ್ನು ಮರೆತದ್ದೂ ಉಂಟು. ಬೆಳಿಗ್ಗೆ ಬಂದ ಮಕ್ಕಳು ಕೆಂಪು ಕಂಡು ಹೌಹಾರಿ, “ಲುಸೆಲಿ ಬಂದು ಹೋಗಿದಾಳೆ ಕಣ್ರೋ” ಎಂದು ಊರಿಗೆಲ್ಲ ಟಾಂಟಾಂ ಮಾಡಿದವು. ಟೀಚರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆಕೆ ಅಗ್ವಾ ಫ್ರಿಯಾ ಎಂಬ ಈ ಊರಿಗೆ ಬಂದಾಗ ಇಪ್ಪತ್ತೆರಡರ ಹುಡುಗಿ. ಕೊಲಂಬಿಯಾದ ಈ ಬೆಟ್ಟಗಳಲ್ಲಿ ಶಾಲೆ ಎಂದರೆ ಒಂದು ಕೋಣೆ, ಐದು ತರಗತಿ, ಮೂವತ್ತು ಚಿಲ್ಲರೆ ಮಕ್ಕಳು, ಒಬ್ಬರೇ ಟೀಚರು. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ನಾಲ್ಕನೆಯವರು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಂತೆಯೇ. ಹಾಜರಿಯನ್ನು ತಾವೇ ಹಾಕಿಕೊಳ್ಳುವುದು, ಜಗಳವಾಡಿದ ಇಬ್ಬರೂ ಎದುರುಬದುರು ಕೂತು ಮಾತಾಡಿ ಮುಗಿಸುವುದು, ಒಬ್ಬರು ಹೇಳುವಾಗ ಇನ್ನೊಬ್ಬರು ಕಾಯುವುದು, ಎಲ್ಲವನ್ನೂ ಆಟವಾಡಿಸುತ್ತಲೇ ಕಲಿಸಿದರು. ಬಿಲ್ಲೆಯೂ ಆಕೆಯದೇ ಉಪಾಯ. ಆಕೆಯ ಅಣ್ಣ ಸೀಬೆ ಕೊಂಬೆಯನ್ನು ಮಗುವಿಗೊಂದರಂತೆ ದುಂಡಗೆ ಕೊಯ್ದುಕೊಟ್ಟ, ಆಕೆ ಒಂದು ಮುಖಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಬಳಿದರು. ಏನಾದರೂ ಬೇಕಾದರೆ ಕೂಗಬೇಡ, ಕೆಂಪು ಮಾಡು, ನಾನು ಬರುತ್ತೇನೆ. ಅಷ್ಟೇ ಅದರ ನಿಯಮ.

ಕೆಡಿಸಿದ್ದು ನಕ್ಷತ್ರ. ಎಷ್ಟೋ ವರ್ಷಗಳ ಮೇಲೆ ಪಟ್ಟಣದಿಂದ ಬಂದ ಅಧಿಕಾರಿಯೊಬ್ಬ ಅಷ್ಟೊಂದು ಕೆಂಪು ನೋಡಿ ಮುಖ ಸಿಂಡರಿಸಿ, ಈ ಮಕ್ಕಳಿಗೆ ಸ್ವಂತ ಬುದ್ಧಿಯೇ ಇಲ್ಲ ಎಂದು ಬರೆದು ಹೋದ. ಇಂಥವರನ್ನು ಒಂದು ವಾರ ಅದೇ ಕೋಣೆಯಲ್ಲಿ ಕೂಡಿಹಾಕಬೇಕು. ಟೀಚರಿಗೆ ಅವಮಾನವಾಯಿತು. ವಾರವಿಡೀ ಒಮ್ಮೆಯೂ ಕೆಂಪು ಮಾಡದ ಮಗುವಿಗೆ ಶುಕ್ರವಾರ ಬಂಗಾರದ ಕಾಗದದ ನಕ್ಷತ್ರ ಎಂದು ಸಾರಿದರು. ಒಂದೇ ತಿಂಗಳಲ್ಲಿ ಕೋಣೆಯೆಲ್ಲ ಹಸಿರಾಯಿತು. ಟೀಚರು ಹಿರಿಹಿರಿ ಹಿಗ್ಗಿದರು.

ಲುಸೆಲಿಗೆ ಆಗ ಒಂಬತ್ತು ವರ್ಷ. ಒಂದು ಶುಕ್ರವಾರ ಹತ್ತು ಗಂಟೆಯ ಹೊತ್ತಿಗೆ ಟೀಚರು ತಲೆಯೆತ್ತಿದಾಗ ಹುಡುಗಿ ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡಿದ್ದಳು. ಇನ್ನೊಂದು ಕೈ ಬಿಲ್ಲೆಯ ತನಕ ಹೋಯಿತು, ಮುಟ್ಟಿತು, ವಾಪಸು ಬಂತು. ಟೀಚರು ಅದನ್ನು ನೋಡಿದರು. ನೋಡಿ, ಭೇಷ್ ಎನ್ನುವಂತೆ ನಕ್ಕರು. ಹುಡುಗಿಯೂ ನಕ್ಕಳು. ಮಧ್ಯಾಹ್ನ ಅವಳಿಗೇ ನಕ್ಷತ್ರ ಸಿಕ್ಕಿತು. ಅದನ್ನು ಎದೆಗೆ ಅಂಟಿಸಿಕೊಂಡು ಒಂದು ಗಂಟೆಯ ಏರು ಹತ್ತಿ ಮನೆ ಸೇರಿದಳು. ಹೊಟ್ಟೆಯೊಳಗೆ ಕರುಳಿನ ತುದಿ ಬಾತು ಒಡೆದಿತ್ತು. ಭಾನುವಾರ ಜೀಪು ಪಟ್ಟಣ ಮುಟ್ಟುವ ಮೊದಲೇ ಜೀವ ಹೋಯಿತು.

ಸೋಮವಾರ ಟೀಚರು ಉಳಿದ ನಕ್ಷತ್ರಗಳನ್ನೆಲ್ಲ ಒಲೆಗೆ ಹಾಕಿದರು. ಅಂದಿನಿಂದ ದಿನದ ಮೊದಲ ಪಾಠವೇ ಬೇರೆ. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಎದುರು ಬೆಟ್ಟಕ್ಕೆ ಕೇಳುವ ಹಾಗೆ ಕೂಗಬೇಕು. ನನಗೆ ಗೊತ್ತಾಗಲಿಲ್ಲ. ನನಗೆ ನೋಯ್ತಿದೆ. ನನಗೆ ಬೇಡ. ಸ್ವಲ್ಪ ಬನ್ನಿ. ಕೂಗು ಬೆಟ್ಟಕ್ಕೆ ಬಡಿದು ವಾಪಸು ಬರುವಾಗ ಟೀಚರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ದನಿಗಳಲ್ಲಿ ಒಂದು ಹೆಚ್ಚಿಗೆ ಇದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಆದರೆ ಆ ಶುಕ್ರವಾರ ತಾವು ನೋಡಿ ನಕ್ಕ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ.

ಆರು ವರ್ಷ ಕಳೆದ ಮೇಲೆ ಲುಸೆಲಿಯ ತಾಯಿ ಎಸ್ನೆದಾ ಚಿಕ್ಕ ಮಗಳನ್ನು ಕರೆತಂದಳು. ಎಸ್ನೆದಾ ಕೂಡ ಒಂದು ಕಾಲಕ್ಕೆ ಇದೇ ಟೀಚರ ಕೈಯಲ್ಲಿ ಕಲಿತವಳು.

“ಮರ್ಲೇನಿ ಅಂತ, ಟೀಚರ್. ಅಕ್ಕನ ಜಾಗದಲ್ಲೇ ಕೂರ್ಸಿ. ಅಕ್ಕನ ಥರಾನೇ ಇರ್ಬೇಕು ಅಂತ ಹೇಳಿ ಕರ್ಕೊಂಡ್ಬಂದಿದೀನಿ. ಗಲಾಟೆ ಮಾಡಲ್ಲ.”

ನಿಜಕ್ಕೂ ಮಾಡಲಿಲ್ಲ. ಮರ್ಲೇನಿ ಬೆಟ್ಟಕ್ಕೆ ಕೂಗುವಾಗ ತುಟಿ ಅಲ್ಲಾಡಿಸುತ್ತಿದ್ದಳು, ದನಿ ಇಲ್ಲ. ಅವಳ ಬಿಲ್ಲೆ ಯಾವಾಗಲೂ ಹಸಿರು. ಟೀಚರು ದಿನಕ್ಕೆ ಹತ್ತು ಸಲ ಹೋಗಿ ಕೇಳಿದರೂ ತಲೆ ಅಲ್ಲಾಡಿಸಿ ನಗುತ್ತಿದ್ದಳು. ಆ ನಗು ಕಂಡರೆ ಟೀಚರಿಗೆ ಲುಸೆಲಿಯ ನಗು ನೆನಪಾಗುತ್ತಿತ್ತು. ಇದೂ ಹಾಗೇ ಆದರೆ ಎಂಬ ಭಯ ಅವರನ್ನು ಊಟಕ್ಕೆ ಕೂತಲ್ಲೂ ಬಿಡುತ್ತಿರಲಿಲ್ಲ.

ಒಂದು ಗುರುವಾರ, ಮಕ್ಕಳೆಲ್ಲ ಬೆಲ್ಲದ ನೀರು, ಅರೆಪಾ ರೊಟ್ಟಿ ಮುಗಿಸಿ ಎದ್ದಾಗ ಮರ್ಲೇನಿ ಕುಂಟುತ್ತಿದ್ದಳು. ಟೀಚರು ಬೂಟು ಬಿಚ್ಚಿದರು. ಹೊಸ ಬೂಟು ಕಚ್ಚಿ ಹಿಮ್ಮಡಿಯ ಚರ್ಮ ಕಿತ್ತುಬಂದು ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು.

“ಎಷ್ಟು ದಿನದಿಂದ?”

“ಸೋಮವಾರದಿಂದ.”

“ಯಾಕಮ್ಮ ಕೆಂಪು ಮಾಡ್ಲಿಲ್ಲ?”

“ಅಕ್ಕ ಮಾಡ್ಲಿಲ್ವಲ್ಲ. ಅದಕ್ಕೇ ಅಕ್ಕಂಗೆ ನಕ್ಷತ್ರ ಸಿಕ್ತು. ಮನೇಲಿ ಮಾತೆ ಮರಿಯಾ ಪಟದ ಕೆಳಗಿದೆ. ನಾನು ಅತ್ತರೆ ಅಮ್ಮ ಅದನ್ನ ತೋರಿಸ್ತಾಳೆ.”

ಅವತ್ತು ಟೀಚರು ಮಗುವನ್ನು ಬೆನ್ನಿಗೆ ಹಾಕಿಕೊಂಡು ಆ ಏರು ಹತ್ತಿದರು. ಎಸ್ನೆದಾ ಅಂಗಳದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಒಳಗೆ, ಪಟದ ಕೆಳಗೆ, ಮಾಸಿದ ನಕ್ಷತ್ರ ಬಾಗಿಲಿನಿಂದಲೇ ಕಾಣುತ್ತಿತ್ತು.

“ಕಾಫಿ ಇಡ್ಲಾ ಟೀಚರ್?”

“ಬೇಡ. ಕೂತ್ಕೋ. ಎಸ್ನೆದಾ, ಆ ನಕ್ಷತ್ರ ತೆಗಿ. ಅವತ್ತು ಹತ್ತು ಗಂಟೆಗೇ ಅವಳಿಗೆ ನೋವಿತ್ತು. ಬಿಲ್ಲೆ ಮುಟ್ಟಿದ್ಲು, ತಿರುಗಿಸ್ಲಿಲ್ಲ. ನಕ್ಷತ್ರ ತಪ್ಪಿಹೋಗುತ್ತೆ ಅಂತ. ನಾನು ನೋಡಿದೆ. ನೋಡಿ ನಕ್ಕೆ.”

ಎಸ್ನೆದಾ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿ ಕಾಳನ್ನು ಬೋಗುಣಿಗೆ ಹಾಕಿದಳು.

“ಆ ದಿನ ಒಂದಾದ್ರೂ ಒಳ್ಳೇದು ಆಯ್ತಲ್ಲ ಅಂತ ಆರು ವರ್ಷ ಅದನ್ನ ನೋಡ್ಕೊಂಡು ಬದುಕಿದೀನಿ,” ಎಂದಳು. “ಈಗ ಅದನ್ನೂ ತಗೊಂಡ್ರಿ.”

“ಹೌದಮ್ಮ.”

“ಮನೆಗೆ ಬಂದಾಗ ನನ್ ಹತ್ರಾನೂ ಅವಳು ಹೇಳ್ಲಿಲ್ಲ, ಗೊತ್ತಾ? ಮುಖ ಬಿಳಿಚಿಕೊಂಡಿತ್ತು, ನಾನೂ ಕೇಳ್ಲಿಲ್ಲ. ಸುಮ್ನೆ ಕೂರೋದು ನನಗೂ ನೀವೇ ಕಲಿಸಿದ್ದು, ಟೀಚರ್. ಇನ್ನು ಹೋಗಿ.”

ಟೀಚರು ಬರಿಗೈಯಲ್ಲಿ ಇಳಿದು ಬಂದರು. ಶುಕ್ರವಾರ ಕಿಟಕಿ ಪಕ್ಕದ ಕುರ್ಚಿ ಖಾಲಿ. ಸೋಮವಾರವೂ ಖಾಲಿ. ಮಗುವನ್ನು ಇನ್ನು ಕಳಿಸುವುದಿಲ್ಲ ಎಂದೇ ಟೀಚರು ತಿಳಿದರು. ಆ ಎರಡು ದಿನ ಶಾಲೆ ಬಿಟ್ಟ ಮೇಲೆ ಅವರು ಬಿಲ್ಲೆ ಮುಟ್ಟಲಿಲ್ಲ. ಯಾರ ಹೆಸರು ಹಿಡಿದು ಕೇಳಬೇಕೆಂದು ತಿಳಿಯಲಿಲ್ಲ.

ಮಂಗಳವಾರ ಮರ್ಲೇನಿ ಚಪ್ಪಲಿ ಹಾಕಿಕೊಂಡು ಬಂದಳು, ಹಿಮ್ಮಡಿಗೆ ಬಟ್ಟೆ ಸುತ್ತಿತ್ತು.

“ಅಮ್ಮ ನಕ್ಷತ್ರ ತೆಗೆದ್ಲು, ಟೀಚರ್. ಗೋಡೆ ಮೇಲೆ ಅದರ ಗುರುತು ಹಾಗೇ ಇದೆ.”

ಹತ್ತು ಗಂಟೆಯ ಹೊತ್ತಿಗೆ ಟೀಚರು ಒಂದನೆಯವರ ಕೈ ಹಿಡಿದು ತಿದ್ದಿಸುತ್ತಿದ್ದರು. ಮೇಜಿಗೆ ಮರದ ಬಿಲ್ಲೆ ತಾಗಿದ ಸಣ್ಣ ಸದ್ದಾಯಿತು. ಆರು ವರ್ಷಗಳಿಂದ ಆ ಸದ್ದು ಕಿವಿಯಲ್ಲಿ ಇಲ್ಲದ ದಿನವಿಲ್ಲ, ಹಾಗಾಗಿ ಮೊದಲು ನಂಬಲಿಲ್ಲ. ತಿರುಗಿದರು. ಮೂರನೇ ಮೇಜು ಕೆಂಪಾಗಿತ್ತು.

ಹೇಗೆ ಹೋದರೋ, ಸೀಮೆಸುಣ್ಣ ಎಲ್ಲಿ ಬಿತ್ತೋ. ಮಂಡಿಯೂರಿ ಕೂತು ಕೇಳಿದರು.

“ಏನಾಯ್ತು ಮರ್ಲೇನಿ? ಎಲ್ಲಿ ನೋಯ್ತಿದೆ ಪುಟ್ಟಿ?”

“ಎಲ್ಲೂ ಇಲ್ಲ. ನೀವು ಬರ್ತೀರಾ ಅಂತ ನೋಡ್ದೆ.”

ಹುಡುಗಿ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದಳು. ಟೀಚರು ಕರಿಹಲಗೆ ಮುಟ್ಟುವಷ್ಟರಲ್ಲಿ ಮತ್ತೆ ಸದ್ದಾಯಿತು. ಅವತ್ತು ಶಾಲೆ ಬಿಡುವುದರೊಳಗೆ ಆ ಬಿಲ್ಲೆ ಹನ್ನೊಂದು ಸಲ ಕೆಂಪಾಯಿತು. ಹನ್ನೊಂದು ಸಲವೂ ಟೀಚರು ಹೋದರು.