ಭಾಗೀರಥಕ್ಕ ಗಾಡಿ ಹತ್ತುವುದಿಲ್ಲ

“ಬ್ಯಾಡ ಕೂಸೆ, ಆನು ನಡ್ಕಂಡೇ ಹೋಗ್ತೆ,” ಎಂದು ಭಾಗೀರಥಕ್ಕ ಮೂರನೇ ಸಲ ಹೇಳಿದಾಗ ಸಿಂಚನಾ ಸೋತು, ಸ್ಕೂಟಿಯನ್ನು ಬೇಲಿಯ ಬದಿಗೆ ನಿಲ್ಲಿಸಿ ಅವಳ ಜೊತೆ ಹೆಜ್ಜೆ ಹಾಕಿದಳು. ಸಿದ್ದಾಪುರ ಪೇಟೆಯಲ್ಲಿ ಈ ಹೊಲಿಗೆಯ ಅಕ್ಕನನ್ನು ಗಾಡಿಗೆ ಹತ್ತಿಸಿದವರು ಇನ್ನೂ ಹುಟ್ಟಿಲ್ಲ. ದಿಬ್ಬಣದ ಕಾರು ಬಾಗಿಲಿಗೇ ಬಂದರೂ ಅದರ ಹಿಂದೆ ನಡೆದೇ ಛತ್ರ ಸೇರುವವಳು. ಹಾಲು, ಅಂಚೆ, ಗುಂಡಿ, ದಾರ, ಹರಟೆ ಎಲ್ಲವೂ ಅವಳ ಕಾಲಳತೆಯಲ್ಲೇ ಇವೆ. ದಾರಿಯ ಪ್ರತಿ ಗೇಟನ್ನೂ ಮುಟ್ಟುತ್ತಾಳೆ, ಬೇಕರಿಯೆದುರು ಮೂಗರಳಿಸುತ್ತಾಳೆ, ಹಿಟ್ಟಿನ ಗಿರಣಿಯ ಸದ್ದಿಗೆ ಕಿವಿಗೊಟ್ಟು ಬಲಕ್ಕೆ ತಿರುಗುತ್ತಾಳೆ. “ಅಕ್ಕ ಹೊರಟ್ರು ಅಂದ್ರೆ ಊರಿನ ಸರ್ವೆ ಶುರುವಾಯ್ತು,” ಎಂದು ಚಹಾದಂಗಡಿಯ ಮಾಬ್ಲ ನಕ್ಕ. “ನಿನ್ನ ಬೆಂಚು ಒಳಗೆ ಎಳ್ಕ ಮಾರಾಯ, ನಿನ್ನೆ ಇಲ್ಲಿ ಇತ್ತಿಲ್ಲೆ,” ಎಂದಳು ಅಕ್ಕ. ಅವನು ಗೊಣಗುತ್ತಲೇ ಎಳೆದುಕೊಂಡ. “ಗಾಡೀಲಿ ಕೂತ್ರೆ ಎಂತಾಗ್ತದೆ ಅಕ್ಕಾ?” ಎಂದು ಸಿಂಚನಾ ಕೇಳಿಯೇಬಿಟ್ಟಳು. “ಗಾಡೀಲಿ ಕುಂತ್ರೆ ದಾರಿ ಕಾಲಿಗೆ ಬಾಯಿಪಾಠ ಆಗ್ತಿಲ್ಲೆ. ಎನ್ನ ಕಣ್ಣು ಹೋಗ್ತಾ ಇದ್ದು, ಕೂಸೆ. ಹೆಚ್ಚಂದ್ರೆ ಒಂದು ವರ್ಷ ಹೇಳಿದ್ದ ಡಾಕ್ಟ್ರು. ಆಮೇಲೂ ಎನ್ನ ಹಾಲು ಆನೇ ತರ್ಬೇಕು.” ತನ್ನ ಪೇಟೆ ಇಷ್ಟು ಚಿಕ್ಕದೆಂದು ಸದಾ ಹಳಹಳಿಸುತ್ತಿದ್ದ ಸಿಂಚನಾಗೆ, ಅದು ಒಬ್ಬಳ ಪಾದಗಳಲ್ಲಿ ಪೂರ್ತಿ ಹಿಡಿಸುವಷ್ಟು ಚಿಕ್ಕದಾಗಿರುವುದು ಎಂಥ ಭಾಗ್ಯವೆಂದು ಮೊದಲ ಸಲ ಹೊಳೆಯಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಅಂಚೆ ಕಚೇರಿಯ ಮೆಟ್ಟಿಲು ಹತ್ತಿ, ಬಾಗಿಲ ಹಿಡಿಯನ್ನು ಸರಿಯಾಗಿ ಹಿಡಿದು, ತಿರುಗಿ ಕೇಳಿದಳು: “ಬರೋ ಗುರುವಾರ ಲೈಬ್ರರಿ ದಾರಿ ಕಲೀಬೇಕು. ಅಲ್ಲಿ ಎನಗೆ ಓದಿ ಹೇಳಲೆ ಒಂದು ಜನ ಬೇಕಾತು, ಬತ್ಯ?” “ಮೂರು ಗಂಟೆಗೆ ಬರ್ತೇನೆ,” ಎಂದಳು ಸಿಂಚನಾ.