ಕೊಟ್ಟಿಗೆಯಲ್ಲೊಬ್ಬಳು ಗೌರಿ

ಇವತ್ತು ಹುಣಸೂರಿನ ಬಜಾರಿನಲ್ಲಿ ನಡೆದು ಬರುತ್ತಿದ್ದಾಗ ಅಂಗಡಿಯವರೊಬ್ಬರು ಕಡಲೆಕಾಯಿ ಹಿಂಡಿಯ ಮೂಟೆ ಬಿಚ್ಚಿದರು. ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ನಾನು ಹಸು ಕಟ್ಟಿದವನಲ್ಲ, ಹಾಲು ಕರೆದವನೂ ಅಲ್ಲ. ನಿಧಾನವಾದ ಡೇಟಾಬೇಸುಗಳನ್ನು ಚುರುಕು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಆದರೂ ಹಿಂಡಿಯ ವಾಸನೆ ಬಂದರೆ ರಾವಂದೂರಿನ ಕಡೆಯ ಒಂದು ಕೊಟ್ಟಿಗೆ ಕಣ್ಣ ಮುಂದೆ ತೇಲಿ ಬರುತ್ತದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದಲ್ಲಿ ಒಬ್ಬರು ದನದ ಡಾಕ್ಟರಿದ್ದರು. ಸುತ್ತಲ ಹಳ್ಳಿಗಳ ದನಗಳ ಕಾಯಿಲೆ, ಕರು, ಔಷಧಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದ್ದರು. ಎಲ್ಲವೂ ಒಂದೇ ದೊಡ್ಡ ಟೇಬಲ್ಲಿನಲ್ಲಿ, ಅಂದರೆ ಒಂದೇ ಉದ್ದನೆಯ ಪಟ್ಟಿಯಲ್ಲಿ. ಊರು, ಮನೆಯವರ ಹೆಸರು, ಹಸುವಿನ ಹೆಸರು, ಈ ಮೂರೂ ಹೊಂದಿದರೆ ಅದು ಒಂದು ಹಸು ಎಂದು ಅರ್ಥ. ಏನಾದರೂ ಹುಡುಕಲು ಹೇಳಿದರೆ ಯಂತ್ರ ಮೊದಲ ಸಾಲಿನಿಂದ ಕೊನೆಯವರೆಗೂ ಮೆಲುಕು ಹಾಕುತ್ತ ಹೋಗುತ್ತಿತ್ತು.

"ಇದು ಹುಡ್ಕೋದ್ರೊಳಗೆ ಹಸು ತಾನೇ ವಾಸಿಯಾಗಿ ಮನೆಗೆ ಹೋಗಿರ್ತದೆ ಕಣ್ರೀ" ಎಂದು ಡಾಕ್ಟರು ನನ್ನನ್ನು ಕರೆಸಿದರು.

ಆ ಮೂರು ಹೆಸರುಗಳ ಮೇಲೆ ನಾನೊಂದು ಇಂಡೆಕ್ಸ್ ಕಟ್ಟಿದೆ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಅದು. ಬೇಕಾದ್ದು ಎಲ್ಲಿದೆಯೋ ಅಲ್ಲಿಗೇ ನೇರ ಕರೆದೊಯ್ಯುತ್ತದೆ. ಗುಂಡಿ ಒತ್ತಿದರೆ ಹಸು ಪ್ರತ್ಯಕ್ಷ. ಡಾಕ್ಟರು ತರಿಸಿದ ಮಸಾಲೆ ದೋಸೆಯನ್ನು ನಾನು ಕುಸ್ತಿ ಗೆದ್ದವನ ಗತ್ತಿನಲ್ಲಿ ತಿಂದೆ.

ದೋಸೆ ಅರಗುವ ಮೊದಲೇ ರಾವಂದೂರಿನ ಕಡೆಯ ಒಂದು ಹಳ್ಳಿಯಿಂದ ಕರೆ ಬಂದು ಡಾಕ್ಟರು ಹೊರಟರು. ನಾನು ಕ್ಲಿನಿಕ್ಕಿನಲ್ಲೇ ಉಳಿದೆ. ಮಧ್ಯಾಹ್ನದ ಬಿಸಿಲು, ಫ್ಯಾನಿನ ಸದ್ದು, ಹೊರಗೆ ಕಟ್ಟಿದ್ದ ಯಾರದೋ ಎಮ್ಮೆಯ ಉಸಿರು. ಕಣ್ಣು ಎಳೆಯುತ್ತಿದ್ದಾಗ ಡಾಕ್ಟರ ಫೋನು ಬಂತು.

"ಚಿಕ್ಕತಾಯಮ್ಮನೋರ ಹಸು, ಗೌರಿ. ಕರು ಹಾಕಿ ಮಲಗಿದ್ದು ಏಳ್ತಿಲ್ಲ, ಕಿವಿ ತಣ್ಣಗಾಗಿದೆ. ಕ್ಯಾಲ್ಸಿಯಂ ಕೊಡ್ಬೇಕು. ಹಿಂದೆ ಏನಾದ್ರೂ ತೊಂದ್ರೆ ಆಗಿತ್ತಾ ನೋಡಿ."

ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು: ಕ್ಯಾಲ್ಸಿಯಂ ಕೊಟ್ಟಾಗ ಎದೆಬಡಿತ ಕೆಟ್ಟಿತ್ತು, ಮತ್ತೆ ಕೊಡುವುದು ಅಪಾಯ. ಓದಿ ಹೇಳಿದೆ. ಕೊಡದಿದ್ದರೆ ಹಸು ಉಳಿಯದು, ಕೊಟ್ಟರೂ ಉಳಿಯದೇ ಇರಬಹುದು. ಡಾಕ್ಟರ ಪಕ್ಕದಲ್ಲಿ ಯಾರೋ ಮೆಲ್ಲಗೆ "ಏಳವ್ವ, ಏಳು ಕಂದ" ಎನ್ನುವುದು ಕೇಳಿಸುತ್ತಿತ್ತು.

ಏನೂ ತೋಚದೆ ಪರದೆಯನ್ನು ಕೆಳಗೆ ಸರಿಸುತ್ತ ಹೋದೆ. ಗೌರಿ ಕರು ಹಾಕಿದಳು, ಗೌರಿ ಕರು ಹಾಕಿದಳು. ನೀವೇ ಹೇಳಿ, ಒಂದು ಹಸು ಒಂದು ಜನ್ಮದಲ್ಲಿ ಎಷ್ಟು ಕರು ಹಾಕೀತು? ಈ ಗೌರಿಗೆ ಮುಪ್ಪೇ ಇರಲಿಲ್ಲ.

"ಡಾಕ್ಟ್ರೇ, ಇದು ಒಂದೇ ಹಸು ಆಗಿರೋಕೆ ಸಾಧ್ಯ ಇಲ್ಲ. ಆ ಮನೆ ಅಮ್ಮನ್ನ ಕೇಳಿ" ಎಂದೆ.

ಚಿಕ್ಕತಾಯಮ್ಮನವರ ದನಿ ಫೋನಿನಲ್ಲೇ ಕೇಳಿತು. "ಎದೆ ಕೆಟ್ಟುದ್ದು ಇವ್ಳಿಗಲ್ಲ ಕಣಪ್ಪ, ಇವ್ಳವ್ವುಂಗೆ. ಆವಾಗ ಇವ್ಳು ಪುಟ್ಟಿ. ಅವ್ವ ವೋದ್ಮೇಲೆ ಇವ್ಳು ಗೌರಿ ಆದ್ಳು. ನಮ್ ಕೊಟ್ಗೇಲಿ ಗೌರಿ ಇಲ್ದಂಗೆ ಯಾವತ್ತೂ ಇಲ್ಲ."

ಆ ಮನೆಯಲ್ಲಿ ಹಸು ಸತ್ತರೆ ಅದರ ಮಗಳಿಗೆ ಆ ಹೆಸರು ಬರುತ್ತಿತ್ತು; ಅಲ್ಲಿಯವರೆಗೆ ಅವಳು ಪುಟ್ಟಿ. ನಾನು ತಪ್ಪು ಉತ್ತರವನ್ನು ಬಲು ಬೇಗ ಬರುವಂತೆ ಮಾಡಿಕೊಟ್ಟಿದ್ದೆ, ಅಷ್ಟೆ. ಡಾಕ್ಟರು ಎದೆಬಡಿತ ಕೇಳುತ್ತ ನಿಧಾನವಾಗಿ ಔಷಧಿ ಏರಿಸಿದರು. ಸಂಜೆಯ ಹೊತ್ತಿಗೆ ಗೌರಿ ಎದ್ದು ನಿಂತಳಂತೆ.

ಆಮೇಲೆ ಆ ಟೇಬಲ್ಲನ್ನು ಒಡೆದು ಮನೆಯವರಿಗೊಂದು, ಹಸುಗಳಿಗೊಂದು, ಚಿಕಿತ್ಸೆಗೊಂದು ಎಂದು ಬೇರೆ ಮಾಡಿದೆ. ಪ್ರತಿ ಹಸುವಿಗೂ ಎಂದೂ ಬದಲಾಗದ ಒಂದು ಸಂಖ್ಯೆ ಕೊಟ್ಟೆ. ಅದನ್ನು ಹೇಳಲೆಂದೇ ಆ ಹಳ್ಳಿಗೆ ಹೋದಾಗ ಚಿಕ್ಕತಾಯಮ್ಮನವರು ಬಕೆಟ್ಟಿನಲ್ಲಿ ಹಿಂಡಿ ಕಲಸುತ್ತಿದ್ದರು. ಗೌರಿಯ ಪಕ್ಕದಲ್ಲಿ ಹೊಸ ಪುಟ್ಟಿ ಹಗ್ಗ ಜಗ್ಗುತ್ತಿದ್ದಳು.

"ನಂಬ್ರು ನಿನ್ ಕಂಪ್ಯೂಟ್ರಿಗಿರ್ಲಿ ಮಗ" ಎಂದು ನಕ್ಕರು. "ನಂಬ್ರು ಇಡ್ದು ಕರುದ್ರೆ ಇವ್ಳು ತಿರುಗ್ತಾಳಾ?" ಅವರು ನನ್ನ ಅಂಗೈಗೆ ಹಾಕಿದ ಹಿಂಡಿಯನ್ನು ಗೌರಿ ನೆಕ್ಕಿದಳು. ನಾಲಿಗೆ ಒರಟಾಗಿ, ಬೆಚ್ಚಗಿತ್ತು.

ಇವತ್ತು ಬಜಾರಿನಿಂದ ಮನೆಗೆ ಬಂದು ಇಷ್ಟು ಬರೆಯುವಾಗ ಚಿಕ್ಕತಾಯಮ್ಮನವರ ಫೋನು ಬಂತು. ಏನಾದರೂ ಬರೆಸುವುದಿದ್ದರೆ ಅವರು ಈಗಲೂ ನನಗೇ ಮಾಡುತ್ತಾರೆ.

"ಮಗ, ನಮ್ ಪುಟ್ಟಿ ಎಸ್ರು ಬದ್ಲಾಯಿಸ್ಬೇಕಿತ್ತು."

ಏನಾಯಿತೆಂದು ನಾನು ಕೇಳಲಿಲ್ಲ. ಅವರೇ "ಬರ್ಕೊಂಡ್ಯಾ?" ಎಂದರು.

"ಬರ್ಕೊಂಡೆ ಅವ್ವ" ಎಂದೆ. ಪುಟ್ಟಿಯ ಸಾಲಿನಲ್ಲಿ ಗೌರಿ ಎಂದು ತಿದ್ದಿದೆ. ಮೇಲಿನ ಸಾಲಿನಲ್ಲಿದ್ದ ಅವಳವ್ವನ ಹೆಸರನ್ನು ಮುಟ್ಟಲಿಲ್ಲ.