ತುಳಸಾಬಾಯಿಯವರ ಹಾಡು ಕೇಳಿಸಿದ ಸಂಜೆ

ಹಳೆಯದನ್ನು ನೆನೆಯುವಾಗ ಮನಸ್ಸು ತನಗೆ ಬೇಕಾದದ್ದನ್ನು ಸೇರಿಸಿಕೊಳ್ಳುತ್ತದೆ. ಯಾರಾದರೂ ಇಂಥ ಸಂಗತಿ ಹೇಳಿದರೆ ನಾನು ಅದನ್ನು ನಂಬದಿರುತ್ತಿದ್ದದ್ದು ಈ ಕಾರಣಕ್ಕೇ. ಈಗ ನಾನೇ ಹೇಳುತ್ತಿದ್ದೇನೆ. ಓದುವವರು ನನ್ನನ್ನೂ ಹಾಗೆಯೇ ಸಂಶಯದಿಂದ ನೋಡಲಿ.

2006 ಇರಬೇಕು, ಅಥವಾ ಅದರ ಮರುವರ್ಷ. ಗೋವೆಯ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಸುಮಿತ್ರಾ ಎಂಬ ಶಿಕ್ಷಕಿ ಮತ್ತು ಅವರ ತಾಯಿ ತುಳಸಾಬಾಯಿ ಇದ್ದರು. ತುಳಸಾಬಾಯಿ ಧಾರವಾಡ, ವಿಜಯಪುರದ ಕಡೆಯ ನಾಟಕ ಕಂಪನಿಗಳಲ್ಲಿ ಬಹಳ ವರ್ಷ ನಾಯಕಿಯಾಗಿ ಹಾಡಿದವರು. ಮೈಕು ಕೈಕೊಟ್ಟರೂ ಟೆಂಟಿನ ಕೊನೆಯ ಸಾಲಿಗೆ ಅವರ ಪದ ಮುಟ್ಟುತ್ತಿತ್ತಂತೆ. ನಾನು ಆ ಧ್ವನಿ ಕೇಳಿದವನಲ್ಲ. ಅವರು ಗೋವೆಗೆ ಬರುವ ಮೊದಲೇ ಕ್ಯಾನ್ಸರಿನಿಂದಾಗಿ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ, ಮಾತೆಲ್ಲ ಕೈಸನ್ನೆ. ಹಾಡಿದ್ದರ ಒಂದು ಕ್ಯಾಸೆಟ್ಟೂ ಉಳಿದಿರಲಿಲ್ಲ.

"ಒಮ್ಮೆರೆ ಅವ್ವನ ಧ್ವನಿ ಕೇಳಬೇಕ್ರಿ," ಎನ್ನುತ್ತಿದ್ದರು ಸುಮಿತ್ರಾ. "ಹ್ಯಾಂಗಿತ್ತಂತ ಮರ್ತೇ ಹೊಂಟೇನಿ."

ಆ ವರ್ಷದ ರಾಜ್ಯೋತ್ಸವದ ಸಂಜೆ ಊರಿನ ಕನ್ನಡಿಗರು ಶಾಲೆಯೊಂದರ ಸಭಾಂಗಣದಲ್ಲಿ ತುಳಸಾಬಾಯಿಯವರನ್ನು ಸನ್ಮಾನಿಸಿದರು. ಶಾಲು ಹೊದಿಸಿದ ಮೇಲೆ, ಹಿಂದೆ ಅವರಿಗೆ ಹಾರ್ಮೋನಿಯಂ ಸಾಥ್ ಕೊಡುತ್ತಿದ್ದ ಮುದುಕರೊಬ್ಬರು ಹಳೆಯ ರಂಗಗೀತೆಯೊಂದನ್ನು ನುಡಿಸತೊಡಗಿದರು. ತುಳಸಾಬಾಯಿ ಕುರ್ಚಿಯಿಂದೆದ್ದು ಮುಂದೆ ಬಂದು ತುಟಿ ಆಡಿಸಿದರು. ನೋಡಲಾಗದೆ ಜನ ತಲೆ ತಗ್ಗಿಸಿದರು.

ಆಗ ನನಗೆ ಹಾಡು ಕೇಳಿಸಿತು. ಹೆಂಗಸಿನ ದನಿ. ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಹಾರ್ಮೋನಿಯಂ ಬಿಟ್ಟು ಬೇರೇನೂ ಕೇಳಿಸಲಿಲ್ಲವಂತೆ.

ಮುಗಿಯುತ್ತಲೇ ಹಿಂದಿನಿಂದ ಯಾರೋ, "ಒನ್ಸ್ ಮೋರ್!" ಎಂದು ಕೂಗಿದರು. ಕಂಪನಿ ನಾಟಕದಲ್ಲಿ ಹಾಡು ಮೆಚ್ಚಿದವರು ಹಾಗೆಯೇ ಕೂಗುತ್ತಾರೆ. ಸುಮಿತ್ರಾ ಧಡಕ್ಕನೆ ಎದ್ದು ಆ ಕಡೆ ಹೋದರು. ಕೂಗಿದವನು ಮೌಲಾಸಾಬ, ಇಂಡಿ ಕಡೆಯ ಲಾರಿ ಡ್ರೈವರ್.

"ಮಾತಿಲ್ಲದಾಕೀನ್ನ ಚ್ಯಾಷ್ಟಿ ಮಾಡ್ತೀಯೇನೋ?"

"ಚ್ಯಾಷ್ಟಿ ಯಾಕ ಮಾಡ್ಲಿ ಅಕ್ಕಾರ? ಎಷ್ಟ್ ಚಲೋ ಹಾಡಿದ್ರು! ಸಣ್ಣಾಂವಿದ್ದಾಗ ಅಪ್ಪನ ಹೆಗಲ ಮ್ಯಾಲೆ ಕುಂತು ಕೇಳಿದ ಪದಾರೀ ಅದು."

"ಯಾರು ಹಾಡಿದ್ರು?"

ಅವನು ಗಾಬರಿಯಾಗಿ ವೇದಿಕೆಯತ್ತ ಕೈ ಮಾಡಿದ.

"ಸಂಜೀಕೇ ಏರಿಸಿ ಬಂದೀಯೇನಪಾ?" ಎಂದು ಯಾರೋ ನಕ್ಕರು.

"ನನಗೂ ಕೇಳಿಸ್ತು," ಎಂದೆ. ನಗು ನಿಂತಿತು.

ಸುಮಿತ್ರಾ ನನ್ನತ್ತ ತಿರುಗಿದರು. "ಖರೇ ಏನ್ರಿ ಸರ್?"

"ಖರೇರಿ."

"ಹಂಗಾರ ನನಗ್ಯಾಕ ಕೇಳಲಿಲ್ಲ? ಮಗಳು ನಾನಲ್ಲೇನ್ರಿ?"

ವೇದಿಕೆಯ ಮೇಲೆ ತುಳಸಾಬಾಯಿ ಮಗಳನ್ನೇ ನೋಡುತ್ತ ನಿಂತಿದ್ದರು. ಮುಂದಿನ ಬೇಸಿಗೆಗೆ ಅವರು ತೀರಿಕೊಂಡರು.

ಹಾರ್ಮೋನಿಯಂ ಕೇಳಿ ಮೌಲಾಸಾಬನಿಗೆ ಬಾಲ್ಯದ ಧ್ವನಿ ಮರುಕಳಿಸಿರಬಹುದು, ಒಪ್ಪುತ್ತೇನೆ. ಆದರೆ ಎಂದೂ ಕೇಳದ ಧ್ವನಿ ನನಗೆ ಮರುಕಳಿಸುವುದು ಹೇಗೆ? ಅಂದಿನ ದಿನಚರಿಯಲ್ಲಿ ಈ ವಿಷಯ ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ. ಹಾಗಾಗಿ ತಾಳೆ ನೋಡಲು ಏನೂ ಇಲ್ಲ.

ನಾವು ಗೋವೆ ಬಿಟ್ಟಿದ್ದೇವೆ. ಸುಮಿತ್ರಾ ಆಗಾಗ ಫೋನ್ ಮಾಡುತ್ತಾರೆ. ಅದೂ ಇದೂ ಮಾತಾಡಿ ಕಡೆಗೆ ಕೇಳುತ್ತಾರೆ: "ಸರ್, ಅವ್ವನ ಧ್ವನಿ ಹ್ಯಾಂಗಿತ್ರಿ?" ನಾನು ಹೇಳುತ್ತೇನೆ. ಹೋದ ಸಲ ನಡುವೆಯೇ ತಡೆದರು.

"ಮೊದಲ ನೀವು ಸ್ವಲ್ಪ ಒರಟಿತ್ತು ಅಂದಿದ್ರಿ. ಈಗ ಮೆತ್ತಗಿತ್ತು ಅಂತೀರಿ. ಯಾವುದ್ರಿ ನಮ್ಮವ್ವಂದು?"